ಏರಿಗೆ ಎಷ್ಟು ಹಲ್ಲು, ಬಯಲಿಗೆ ಎಷ್ಟು ಹಲ್ಲು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಜಾತ್ರೆ ಬಂತೆಂದರೆ ಶರ್ಯತ್ತು ಬಂತು ಅಂತಲೇ ಲೆಕ್ಕ. ಎತ್ತಿನ ಗಾಡಿ, ಕುದುರೆ ಗಾಡಿ, ಓಟ ಇವುಗಳ ಸಾಲಿನಲ್ಲಿ ಎಷ್ಟೋ ಊರುಗಳಲ್ಲಿ ಸೈಕಲ್ ಶರ್ಯತ್ತಿಗೂ ಜಾಗ ಇದೆ. ಕರಪತ್ರದಲ್ಲಿ ಬಹುಮಾನದ ಮೊತ್ತ ದಪ್ಪ ಅಕ್ಷರದಲ್ಲಿರುತ್ತದೆ, ಬಹುಮಾನ ಕೊಟ್ಟವರ ಹೆಸರಿರುತ್ತದೆ, ಎಲ್ಲಿಂದ ಎಲ್ಲಿಗೆ ಅನ್ನುವುದೂ ಇರುತ್ತದೆ. ದಾರಿಯಲ್ಲಿ ಏರು ಎಷ್ಟು, ಬಯಲು ಎಷ್ಟು ಅನ್ನುವುದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹುಡುಗರೂ ಅದನ್ನು ಕೇಳುವುದಿಲ್ಲ. ಅವರು ಒಬ್ಬರ ಸೈಕಲ್ ಒಬ್ಬರು ನೋಡಿ ಕೇಳುವ ಮೊದಲ ಪ್ರಶ್ನೆ, ‘ಮುಂದಿಂದು ಎಷ್ಟು ಹಲ್ಲು?’ 53 ಅಂದರೆ ಕಣ್ಣರಳುತ್ತದೆ. 50 ಅಂದರೆ ಅಷ್ಟಕ್ಕಷ್ಟೇ.

ಈ ಪ್ರಶ್ನೆಯೇ ಮೊದಲು ಬದಲಾಗಬೇಕು ಅನ್ನುವುದು ನನ್ನ ವಾದ. ಮುಂದಿನ ದೊಡ್ಡ ಚೈನ್‌ವ್ಹೀಲ್ ನೋಡಿ ಗೇರ್ ಆರಿಸುವವನು ತನ್ನ ಅತಿ ವೇಗದ ಗಳಿಗೆಗೆ ತಯಾರಿ ಮಾಡಿಕೊಳ್ಳುತ್ತಾನೆ. ಶರ್ಯತ್ತು ಕೈ ತಪ್ಪುವುದು ಆ ಗಳಿಗೆಯಲ್ಲಿ ಅಲ್ಲ. ಕಾಲು ಸೋತು, ವೇಗ ಇಳಿದು, ಮುಂದಿನವನ ಹಿಂಗಾಲಿಯಿಂದ ಎರಡು ಮಾರು ಹಿಂದೆ ಬಿದ್ದಾಗ ಅದು ತಪ್ಪುತ್ತದೆ. ಹಾಗಾಗಿ ಗೇರನ್ನು ಕೆಳಗಿನಿಂದ ಆರಿಸುತ್ತ ಬರಬೇಕು. ಆ ದಾರಿಯಲ್ಲಿ ನೀವು ಅತ್ಯಂತ ನಿಧಾನವಾಗಿ ಹೋಗುವ ಜಾಗ ಯಾವುದು, ಅಲ್ಲಿ ಕಾಲಿಗೆ ಎಂಥ ಗೇರ್ ಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಮಿಕ್ಕಿದ್ದನ್ನು ಆಮೇಲೆ ನೋಡಬೇಕು.

ಈ ಮಾತಿಗೆ ನಮ್ಮ ಮೂರು ಊರುಗಳಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗುವುದು ಕಷ್ಟ. ಮೂಡಲಗಿ ಬಯಲು. ಗೋಕಾಕದಿಂದ ಫಾಲ್ಸ್ ಕಡೆ ಹೊರಟರೆ ಏರು. ಹುಕ್ಕೇರಿ ಕಡೆ ಏರು–ಇಳುಕಲು ಒಂದರ ಹಿಂದೊಂದು. ಒಂದೇ ಜಿಲ್ಲೆಯ ಅಕ್ಕಪಕ್ಕದ ತಾಲೂಕುಗಳಲ್ಲಿ ಮೂರು ಬಗೆಯ ದಾರಿ.

ಮೊದಲು ಅಳತೆಗೆ ಬರೋಣ. ಗೇರ್ ಬಗ್ಗೆ ಮಾತಾಡುವಾಗ ಹಲ್ಲಿನ ಲೆಕ್ಕ ಹೇಳಿದರೆ ಅರ್ಧ ಮಾತ್ರ ಹೇಳಿದಂತೆ. ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿದಾಗ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಅನ್ನುವುದೇ ನಿಜವಾದ ಅಳತೆ. ಲೆಕ್ಕ ಸುಲಭ: ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ಆಯಿತು. ಅಂಗಡಿಗಳ ಮುಂದೆ ಇಂದಿಗೂ ನಿಲ್ಲುವ ಸಾದಾ ಸೈಕಲ್ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದರ ಮುಂದೆ 44 ಹಲ್ಲು, ಹಿಂದಿನ ಫ್ರೀವ್ಹೀಲ್‌ಗೆ 18. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಒಂದು ಸುತ್ತಿಗೆ 5.4 ಮೀಟರ್ ಬರುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 26 ಕಿ.ಮೀ. ಹತ್ತಿರ ವೇಗ. ರೇಸ್ ಸೈಕಲ್ಲಿನ ತೆಳು ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಅದರಲ್ಲಿ 53–11, ಅಂದರೆ ಮುಂದೆ 53 ಹಿಂದೆ 11 ಹಲ್ಲು ಇದ್ದರೆ, ಒಂದು ಸುತ್ತಿಗೆ 10.1 ಮೀಟರ್. 34–28 ಅಂದರೆ 2.55 ಮೀಟರ್. ಒಂದೇ ಸೈಕಲ್ ಮೇಲೆ ಈ ಎರಡು ತುದಿಗಳ ನಡುವೆ ನಾಲ್ಕು ಪಟ್ಟು ವ್ಯತ್ಯಾಸ ಇರಬಲ್ಲದು.

ಲೆಕ್ಕ ಬೇಡ ಅನ್ನುವವರಿಗೆ ಸೀಮೆಸುಣ್ಣ ಸಾಕು. ಸಮತಟ್ಟಾದ ಜಾಗದಲ್ಲಿ ಬಲಗಾಲಿನ ಪೆಡಲ್ ಪೂರ್ತಿ ಕೆಳಗಿರುವಂತೆ ಸೈಕಲ್ ನಿಲ್ಲಿಸಿ, ಹಿಂಗಾಲಿ ನೆಲ ಮುಟ್ಟಿದಲ್ಲಿ ಒಂದು ಗೆರೆ ಎಳೆಯಿರಿ. ಕೈಯಿಂದ ಪೆಡಲ್ ತಿರುಗಿಸುತ್ತ, ಅದು ಮತ್ತೆ ಅದೇ ಜಾಗಕ್ಕೆ ಬರುವವರೆಗೆ ಸೈಕಲ್ಲನ್ನು ನಿಧಾನವಾಗಿ ನಡೆಸಿ. ಅಲ್ಲಿ ಇನ್ನೊಂದು ಗೆರೆ. ನಡುವಿನ ದೂರವನ್ನು ಟೇಪಿನಿಂದ ಅಳೆದರೆ ಮುಗಿಯಿತು. ಹಲ್ಲು ಎಣಿಸುವಾಗಲೂ ಸೀಮೆಸುಣ್ಣ ಬೇಕು. ಮೊದಲ ಹಲ್ಲಿಗೆ ಗುರುತು ಹಾಕದೆ ಎಣಿಸಿದರೆ, ಗ್ರೀಸ್ ಮೆತ್ತಿದ ಫ್ರೀವ್ಹೀಲ್‌ನಲ್ಲಿ 17 ಇದ್ದದ್ದು 18 ಆಗುವುದು ಸಹಜ. ಪ್ರತಿ ಗೇರಿನ ಮೀಟರ್ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್ ಹತ್ತಿರ ಅಂಟಿಸಿಕೊಂಡ ಹುಡುಗನಿಗೆ ತನ್ನ ಸೈಕಲ್ ಬಹಳ ಬೇಗ ಅರ್ಥವಾಗುತ್ತದೆ.

ಈಗ ಗೋಕಾಕದ ಏರು. ಘಟಪ್ರಭೆ ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಒಂದೇ ಏಟಿಗೆ ಕೆಳಗೆ ಬೀಳುತ್ತದೆ. ಗೋಕಾಕ ಪಟ್ಟಣ ಇರುವುದು ಆ ಜಿಗಿತದ ಕೆಳಗೆ, ಫಾಲ್ಸ್ ಊರು ಮತ್ತು ಅದರಾಚೆಯ ಕೊಣ್ಣೂರ ಮೇಲೆ. ಅಂದಮೇಲೆ ಪಟ್ಟಣದಿಂದ ಫಾಲ್ಸ್ ಕಡೆ ಹೊರಟ ಸೈಕಲ್ ಎಲ್ಲೋ ಒಂದು ಕಡೆ ಆ 52 ಮೀಟರ್ ಎತ್ತರವನ್ನು ಹತ್ತಲೇಬೇಕು, ಬೇರೆ ದಾರಿ ಇಲ್ಲ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 70 ಕೆ.ಜಿ. ಅಂದುಕೊಳ್ಳಿ. ಅಷ್ಟು ಭಾರವನ್ನು 52 ಮೀಟರ್ ಮೇಲೆತ್ತಲು ಸುಮಾರು 36 ಕಿಲೋಜೂಲ್ ಶಕ್ತಿ ಬೇಕು. ನಾಲ್ಕು ನಿಮಿಷದಲ್ಲಿ ಹತ್ತಿದರೆ ಕಾಲು 150 ವ್ಯಾಟ್ ಕೊಟ್ಟಂತೆ, ಮೂರು ನಿಮಿಷದಲ್ಲಿ ಹತ್ತಿದರೆ 200 ವ್ಯಾಟ್. ಗಾಳಿಯ ತಡೆ, ಟೈರಿನ ತಿಕ್ಕಾಟ ಇದಕ್ಕೆ ಮೇಲಿನ ಬಾಬತ್ತು.

ಯಾವ ಗೇರೂ ಈ 36 ಕಿಲೋಜೂಲನ್ನು 35 ಮಾಡಿಕೊಡುವುದಿಲ್ಲ. ಇದನ್ನು ಹುಡುಗರು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಗೇರ್ ಶಕ್ತಿ ಕೊಡುವುದಿಲ್ಲ. ಇರುವ ಕೆಲಸವನ್ನು ಎಷ್ಟು ತುಳಿತಗಳಿಗೆ ಹಂಚಬೇಕು ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ. ಹೊಲದಿಂದ ಇಪ್ಪತ್ತು ಚೀಲ ಜೋಳ ತರಬೇಕಾದರೆ ಒಂದೇ ಸಲ ಎರಡು ಚೀಲ ಹೊರುವವನೂ ಇದ್ದಾನೆ, ಒಂದೊಂದೇ ತರುವವನೂ ಇದ್ದಾನೆ. ಸಂಜೆಗೆ ಇಬ್ಬರ ಮನೆಗೂ ಬಂದದ್ದು ಇಪ್ಪತ್ತೇ ಚೀಲ. ಮರುದಿನ ಯಾರ ಸೊಂಟ ನೆಟ್ಟಗಿರುತ್ತದೆ ಅನ್ನುವುದು ಮಾತ್ರ ಬೇರೆ.

ಆ 52 ಮೀಟರ್ ಏರು ಒಂದು ಕಿ.ಮೀ. ಉದ್ದಕ್ಕೆ ಹಂಚಿಕೊಂಡಿದೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ನೂರಕ್ಕೆ ಐದಕ್ಕಿಂತ ತುಸು ಹೆಚ್ಚಿನ ಏರು ಆಯಿತು. 44–18ರ ಸಾದಾ ಸೈಕಲ್ ಮೇಲೆ ಅದನ್ನು 185 ಸುತ್ತಿನಲ್ಲಿ ಮುಗಿಸಬೇಕು. ಪ್ರತಿ ಸುತ್ತಿನಲ್ಲೂ ಪೆಡಲ್ ಮೇಲೆ ಸರಾಸರಿ 18 ಕೆ.ಜಿ. ಭಾರದಷ್ಟು ಒತ್ತಡ, ಅದೂ ಏರಿನ ಲೆಕ್ಕ ಮಾತ್ರ. 34–28 ಇದ್ದರೆ ಸುತ್ತುಗಳು 392 ಆಗುತ್ತವೆ, ಒತ್ತಡ ಅರ್ಧಕ್ಕೂ ಕಡಿಮೆ. ಸರಾಸರಿ ಅನ್ನುವುದನ್ನು ಮರೆಯಬೇಡಿ. ಪೆಡಲ್ ಮೇಲಿಂದ ಕೆಳಗೆ ಬರುವಾಗ ಬೀಳುವ ಒತ್ತಡ ಇದಕ್ಕಿಂತ ಬಹಳ ಹೆಚ್ಚು, ಮೇಲೆ–ಕೆಳಗೆ ದಾಟುವಾಗ ಹೆಚ್ಚುಕಡಿಮೆ ಏನೂ ಇಲ್ಲ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತುತ್ತಿದ್ದರೆ ಸಾದಾ ಸೈಕಲ್ಲಿನವನು ನಿಮಿಷಕ್ಕೆ 37 ಸುತ್ತು ತುಳಿಯುತ್ತಾನೆ. ಸೀಟಿನ ಮೇಲೆ ಕೂತು ಅದು ಸಾಗುವುದಿಲ್ಲ, ಎದ್ದು ನಿಂತು ಮೈಭಾರ ಹಾಕಲೇಬೇಕು. ಅದೇ ವೇಗದಲ್ಲಿ 39–25 ಇರುವವನು 61 ಸುತ್ತು, 34–28 ಇರುವವನು 78 ಸುತ್ತು ತುಳಿಯುತ್ತಾನೆ. ಕೊನೆಯವನು ಏರು ಮುಗಿಸಿ ಕೊಣ್ಣೂರ ಕಡೆ ತಿರುಗಿದಾಗ ಅವನ ತೊಡೆಯಲ್ಲಿ ಇನ್ನೂ ಕಸುವು ಉಳಿದಿರುತ್ತದೆ.

ಎದ್ದು ನಿಂತು ತುಳಿಯುವುದೇ ಗಂಡಸುತನ ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಚಿಕ್ಕ ಗೇರ್ ಹಾಕಿದವನನ್ನು ‘ಗಾಳಿಗೆ ತುಳಿಯಾಕ ಹತ್ಯಾನ’ ಅಂತ ಆಡಿಕೊಳ್ಳುವುದನ್ನೂ ಕೇಳಿದ್ದೇನೆ. ಇದು ನಮ್ಮ ಊರಿನ ಹೊಸ ರೋಗ ಅಲ್ಲ. ಫ್ರಾನ್ಸಿನ ಟೂರ್ ಡಿ ಫ್ರಾನ್ಸ್ ಶುರುವಾದದ್ದು 1903ರಲ್ಲಿ. ಅದನ್ನು ಕಟ್ಟಿದ ಹೆನ್ರಿ ಡೆಗ್ರಾಂಜ್‌ಗೆ ಗೇರ್ ಬದಲಿಸುವ ಯಂತ್ರ ಅಂದರೆ ಆಗುತ್ತಿರಲಿಲ್ಲ, ಅದು ವಯಸ್ಸಾದವರ ಸಾಮಾನು ಎಂಬ ಭಾವನೆ. ಹೀಗಾಗಿ ಆಲ್ಪ್ಸ್, ಪಿರನೀಸ್ ಬೆಟ್ಟಗಳನ್ನು ಸವಾರರು ಹತ್ತುತ್ತಿದ್ದುದು ಹೇಗೆಂದರೆ, ಹಿಂಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ. ಏರು ಬಂದಾಗ ಕೆಳಗಿಳಿದು, ನಟ್ಟು ಸಡಿಲಿಸಿ, ಗಾಲಿ ತೆಗೆದು ತಿರುಗಿಸಿ ಹಾಕುವುದು. ಎಲ್ಲ ಸವಾರರಿಗೂ ಆ ಯಂತ್ರ, ಅಂದರೆ ಡಿರೇಲರ್, ಬಳಸಲು ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಂದಿನಿಂದ ಇಂದಿನವರೆಗೆ ಜಗತ್ತಿನ ದೊಡ್ಡ ದೊಡ್ಡ ಸವಾರರೆಲ್ಲ ಏರಿನಲ್ಲಿ ಗೇರ್ ಇಳಿಸುತ್ತಲೇ ಬಂದಿದ್ದಾರೆ. ಅವರಿಗಿಲ್ಲದ ನಾಚಿಕೆ ನಮಗೆ ಬೇಡ.

ನಿಮ್ಮ ಅತಿ ಚಿಕ್ಕ ಗೇರ್ ಯಾವುದಿರಬೇಕು ಎಂದು ತಿಳಿಯಲು ಒಂದು ದಾರಿ ಇದೆ. ಶರ್ಯತ್ತಿನ ದಾರಿಯ ಅತಿ ಕಡಿದಾದ ಜಾಗ ಹುಡುಕಿ. ಅಲ್ಲಿಗೆ ಬೆಳಗ್ಗೆ ತಾಜಾ ಕಾಲಿನಲ್ಲಿ ಹೋಗಬೇಡಿ, ಒಂದೂವರೆ–ಎರಡು ಗಂಟೆ ತುಳಿದು ದಣಿದ ಮೇಲೆ ಹೋಗಿ. ಆಗ ನಿಮ್ಮಿಂದ ಆಗುವ ವೇಗ ನೋಡಿಕೊಳ್ಳಿ. ಗಂಟೆಗೆ 10 ಕಿ.ಮೀ. ಬಂತು ಅಂದುಕೊಳ್ಳಿ. ನಿಮಿಷಕ್ಕೆ 167 ಮೀಟರ್ ಆಯಿತು. ಏರಿನಲ್ಲಿ ನಿಮಿಷಕ್ಕೆ 70 ಸುತ್ತಾದರೂ ಇರಬೇಕು ಅನ್ನುವುದು ನನ್ನ ಅಳತೆ. 167ನ್ನು 70ರಿಂದ ಭಾಗಿಸಿದರೆ 2.38 ಮೀಟರ್. ಅಂದರೆ 34–30. ನಿಮ್ಮ ಸೈಕಲ್ಲಿನಲ್ಲಿ ಮುಂದೆ 39 ಇದ್ದು ಹಿಂದೆ 25ಕ್ಕೇ ಮುಗಿದಿದ್ದರೆ, ಆ ಏರಿನಲ್ಲಿ ನಿಮಗೆ ಗೇರ್ ಸಾಲದು ಅಂತಲೇ ಅರ್ಥ. ಮುಂದಿನ 53ರ ಮಾತು ಆಮೇಲೆ.

ಮೂಡಲಗಿಗೆ ಬಂದರೆ ಲೆಕ್ಕ ಪೂರ್ತಿ ಬೇರೆ. ಧೂಪದಾಳದಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆಯ ನೀರು ಹರಿಯುವ ಸೀಮೆ ಇದು. ಕಾಲುವೆ ಹರಿಯಬೇಕಾದರೆ ನೆಲ ಹೆಚ್ಚುಕಡಿಮೆ ಮಟ್ಟವಾಗಿರಬೇಕು. ಕಲ್ಲೋಳಿ, ನಾಗನೂರ, ಗುರ್ಲಾಪುರ ಕ್ರಾಸ್ ಸುತ್ತ ಎರಡೂ ಬದಿಗೆ ಕಬ್ಬು, ಕಪ್ಪು ನೆಲ, ನೇರ ರಸ್ತೆ. ಇಲ್ಲಿ ಎದುರಾಳಿ ಭೂಮಿಯ ಸೆಳೆತ ಅಲ್ಲ, ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು ಆಗುತ್ತದೆ, ಅದನ್ನು ಸೀಳಲು ಬೇಕಾದ ಕಸುವು ಎಂಟು ಪಟ್ಟು. ಒಬ್ಬನೇ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 250 ವ್ಯಾಟ್ ಬೇಕಾದರೆ, ಅದರಲ್ಲಿ ಇನ್ನೂರರಷ್ಟು ಗಾಳಿಗೇ ಹೋಗುತ್ತದೆ.

ಬಯಲು ಅಂದಕೂಡಲೇ ‘ಹಾಗಾದರೆ ಇಲ್ಲಿ ದೊಡ್ಡ ಗೇರೇ ಬೇಕಲ್ಲ’ ಅನ್ನುತ್ತಾರೆ. ಎಷ್ಟು ದೊಡ್ಡದು ಎಂದು ಲೆಕ್ಕ ಹಾಕೋಣ. ಗುಂಪಿನೊಳಗೆ ಗಂಟೆಗೆ 40 ಕಿ.ಮೀ. ವೇಗ ಅಂದರೆ ನಮ್ಮ ಜಿಲ್ಲೆಯ ಹುಡುಗರಿಗೆ ಒಳ್ಳೆಯ ವೇಗ. ನಿಮಿಷಕ್ಕೆ 95 ಸುತ್ತಿನಂತೆ ತುಳಿದರೆ ಒಂದು ಸುತ್ತಿಗೆ 7 ಮೀಟರ್ ಬೇಕು. ಅದು 50–15. ಮುಂದೆ 53 ಇದ್ದವನಿಗೆ 16 ಹಲ್ಲು. ಹಿಂದಿನ 11 ಹಲ್ಲಿನ ಚಕ್ರದ ಕೆಲಸ ಇಲ್ಲಿ ಬರುವುದೇ ಇಲ್ಲ. 50–11 ಹಾಕಿ ಅದೇ 95 ಸುತ್ತು ತುಳಿದರೆ ಗಂಟೆಗೆ 54 ಕಿ.ಮೀ. ಆಗುತ್ತದೆ. ಇಳುಕಲಲ್ಲಿ, ಬೆನ್ನ ಹಿಂದೆ ಜೋರು ಗಾಳಿ ಇದ್ದಾಗ, ಕೊನೆಯ 200 ಮೀಟರ್ ಹಾರುವಾಗ ಬಿಟ್ಟರೆ ಆ ವೇಗ ಎಲ್ಲಿ ಬರುತ್ತದೆ? 50–11 ಇದ್ದವನಿಗೆ 53–11 ಇಲ್ಲವಲ್ಲ ಎಂಬ ಕೊರಗು ಅನವಶ್ಯಕ.

ಬಯಲಿನಲ್ಲಿ ನಿಜವಾಗಿ ಬೇಕಾದದ್ದು ಹತ್ತಿರ ಹತ್ತಿರದ ಹಲ್ಲುಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಈ ಮಾತು ಯಾರೂ ಹೇಳುವುದಿಲ್ಲ. ಹಿಂಗಾಲಿಯ ಎಂಟು ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್, ಎರಡು ಬಗೆಯದು ತೆಗೆದುಕೊಳ್ಳಿ. ಒಂದು 12–21: ಅದರ ಹಲ್ಲುಗಳು 12, 13, 14, 15, 16, 17, 19, 21. ಇನ್ನೊಂದು 11–32: 11, 13, 15, 18, 21, 24, 28, 32. ಎರಡರಲ್ಲೂ ಎಂಟೇ ಚಕ್ರ. ನೀವು ಮೂಡಲಗಿ ರಸ್ತೆಯಲ್ಲಿ ಗುಂಪಿನೊಳಗೆ 95 ಸುತ್ತಿನ ಲಯ ಹಿಡಿದು 16ರಲ್ಲಿ ಇದ್ದೀರಿ, ಮುಂದಿನವನು ತುಸು ವೇಗ ಹೆಚ್ಚಿಸಿದ. ಮೊದಲ ಕ್ಯಾಸೆಟ್ಟಿನಲ್ಲಿ 15ಕ್ಕೆ ಹಾಕಿದರೆ ಲಯ 89ಕ್ಕೆ ಬರುತ್ತದೆ, ಕಾಲಿಗೆ ಗೊತ್ತಾಗುವುದೂ ಇಲ್ಲ. ಎರಡನೆಯದರಲ್ಲಿ 16 ಇಲ್ಲವೇ ಇಲ್ಲ. ಅಲ್ಲಿ 18ರಲ್ಲಿ ಇದ್ದವನು 15ಕ್ಕೆ ಜಿಗಿಯಬೇಕು. 95 ಇದ್ದ ಲಯ ಒಮ್ಮೆಲೇ 79ಕ್ಕೆ ಬೀಳುತ್ತದೆ. ಕಾಲು ಗಕ್ಕನೆ ಬಿಗಿಯಾಗುತ್ತದೆ, ಮುಂದಿನವನ ಗಾಲಿ ಕೈಬಿಡುತ್ತದೆ, ಆ ಅಂತರ ಮುಚ್ಚಲು ಗಾಳಿಗೆ ಎದೆ ಕೊಟ್ಟು ತುಳಿಯಬೇಕಾಗುತ್ತದೆ. ಒಂದು ಶರ್ಯತ್ತಿನಲ್ಲಿ ಇಂಥದ್ದು ಹತ್ತಾರು ಸಲ ಆಗುತ್ತದೆ.

ಇದಕ್ಕೆ ಆಷಾಢ–ಶ್ರಾವಣದ ಗಾಳಿ ಸೇರಿಸಿ. ಆ ಎರಡು ತಿಂಗಳು ನಮ್ಮ ಬಯಲಿನಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆ ಎಂಬುದು ಕಬ್ಬು ನೆಲಕ್ಕೆ ಒರಗಿದ್ದನ್ನು ನೋಡಿದವರಿಗೆಲ್ಲ ಗೊತ್ತು. ಗಂಟೆಗೆ 15 ಕಿ.ಮೀ. ಎದುರು ಗಾಳಿಯಲ್ಲಿ 30 ಕಿ.ಮೀ. ವೇಗದಲ್ಲಿ ಹೊರಟವನಿಗೆ ಗಾಳಿ 45ರ ವೇಗದಲ್ಲಿ ಬಡಿಯುತ್ತದೆ. ತಡೆ ಎರಡೂಕಾಲು ಪಟ್ಟು. ಮೂಡಲಗಿಯಿಂದ ಮೂಡಣಕ್ಕೆ ಮಹಾಲಿಂಗಪುರದ ಕಡೆ ಹೋಗುವಾಗ 50–13ರಲ್ಲಿ ಹಾರಿದವನು ಮರಳಿ ಬರುವಾಗ 19, 21ಕ್ಕೆ ಇಳಿಯಬೇಕಾಗಬಹುದು. ದಾರಿ ಸಪಾಟು ಅಂತ 17ಕ್ಕೇ ಮುಗಿಸುವ ಹಾಗಿಲ್ಲ. ಹೋಗಿ ಬರುವ ಶರ್ಯತ್ತಾದರೆ ಬರುವಾಗಿನ ಗಾಳಿಗೆ ಗೇರ್ ನೋಡಿಕೊಳ್ಳಿ.

ಹುಕ್ಕೇರಿ ಕಡೆಯ ದಾರಿಗೆ ಮೇಲಿನ ಎರಡೂ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಹಿಡಕಲ್ ಜಲಾಶಯದ ಸುತ್ತಲಿನ ನೆಲ, ಯಮಕನಮರಡಿ, ಸಂಕೇಶ್ವರದ ಕಡೆಯ ದಾರಿಗಳು ಒಂದೇ ಸಮ ಇರುವುದಿಲ್ಲ. ಅರ್ಧ ಕಿ.ಮೀ. ಏರಿದರೆ ಅರ್ಧ ಕಿ.ಮೀ. ಇಳಿಯುತ್ತವೆ. ಇಂಥಲ್ಲಿ ಇಳುಕಲಿನ ವೇಗವೇ ಮುಂದಿನ ಏರಿನ ಬಂಡವಾಳ. ಗಂಟೆಗೆ 40 ಕಿ.ಮೀ. ವೇಗದಲ್ಲಿ ತಗ್ಗಿಗೆ ಬಂದ ಸೈಕಲ್ಲಿಗೆ, ತಡೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ತುಳಿಯದೆಯೇ 6 ಮೀಟರಿಗಿಂತ ತುಸು ಹೆಚ್ಚು ಎತ್ತರ ಹತ್ತುವಷ್ಟು ಓಟ ಇರುತ್ತದೆ. ಬ್ರೇಕ್ ಹಿಡಿದು ತಗ್ಗಿಗೆ ಇಳಿದವನು ಅದನ್ನು ಕಳೆದುಕೊಂಡ.

ಇಲ್ಲಿ ಬಹಳ ಹುಡುಗರು ಮಾಡುವ ತಪ್ಪು ಮುಂದಿನ ಗೇರಿನದು. ಏರು ಶುರುವಾಗಿ ಕಾಲು ಬಿಗಿದ ಮೇಲೆ, ಚೈನಿನ ಮೇಲೆ ಪೂರ್ತಿ ಬಲ ಇರುವಾಗ, 50ರಿಂದ 34ಕ್ಕೆ ಇಳಿಸುತ್ತಾರೆ. ಎಷ್ಟೋ ಸಲ ಚೈನು ಒಳಗೆ ಬಿದ್ದು ಕ್ರ್ಯಾಂಕ್ ಖಾಲಿ ತಿರುಗುತ್ತದೆ. ಬೀಳದಿದ್ದರೂ ಗೇರ್ ಒಂದೇ ಏಟಿಗೆ ಮೂರನೇ ಒಂದು ಪಾಲು ಹಗುರಾಗಿ, ಕಾಲು ಗರಗರ ತಿರುಗಿ ಲಯ ಕೆಡುತ್ತದೆ. ಮುಂದೆ ಇಳಿಸುವುದಾದರೆ ಏರಿನ ಬುಡಕ್ಕೆ ಮುಟ್ಟುವ ಮೊದಲೇ ಇಳಿಸಬೇಕು, ಜೊತೆಗೇ ಹಿಂದೆ ಎರಡು ಚಕ್ರ ಗಟ್ಟಿ ಮಾಡಿಕೊಳ್ಳಬೇಕು. ನನ್ನ ಸಲಹೆ ಕೇಳಿದರೆ, ಸಣ್ಣ ಏರುಗಳಿಗೆ ಮುಂದಿನದನ್ನು ಮುಟ್ಟುವುದೇ ಬೇಡ. 50–28 ಒಂದು ಸುತ್ತಿಗೆ 3.75 ಮೀಟರ್. ವೇಗ 16ಕ್ಕಿಂತ ಕೆಳಗೆ ಬೀಳದ ಹಾಗೆ ನೋಡಿಕೊಂಡರೆ ನಿಮಿಷಕ್ಕೆ 71 ಸುತ್ತಿನಲ್ಲಿ ಕೂತೇ ಹತ್ತಬಹುದು. ದೊಡ್ಡ ಚೈನ್‌ವ್ಹೀಲಿಗೆ ಹಿಂದಿನ ದೊಡ್ಡ ಚಕ್ರ ಸೇರಿಸಿ ಹೆಚ್ಚು ಹೊತ್ತು ಓಡಿಸಿದರೆ ಚೈನು ಓರೆಯಾಗಿ ಬೇಗ ಸವೆಯುತ್ತದೆ ಅನ್ನುವುದು ನಿಜ. ಆದರೆ ಒಂದು ದಿಬ್ಬ ದಾಟುವ ಅರ್ಧ ನಿಮಿಷಕ್ಕೆ ಅದರ ಚಿಂತೆ ಬೇಡ. ಹುಕ್ಕೇರಿ ದಾರಿಗೆ 11–28 ಹದವಾದ ಕ್ಯಾಸೆಟ್ ಅನ್ನುವುದು ನನ್ನ ಅಭಿಪ್ರಾಯ: 11, 13, 15, 17, 19, 21, 24, 28. ಬಯಲಿನಷ್ಟು ಹತ್ತಿರವೂ ಅಲ್ಲ, ಘಾಟಿನಷ್ಟು ದೂರವೂ ಅಲ್ಲ.

ಒಂದೇ ಶರ್ಯತ್ತಿನಲ್ಲಿ ಬಯಲೂ ಏರೂ ಬಂದರೆ? 2020ರ ಸೆಪ್ಟೆಂಬರ್ 19ರಂದು ಟೂರ್ ಡಿ ಫ್ರಾನ್ಸ್‌ನಲ್ಲಿ 36.2 ಕಿ.ಮೀ. ಒಂಟಿ ಓಟ ಇತ್ತು. ಬಹುಪಾಲು ದಾರಿ ಮುಗಿದ ಮೇಲೆ, ಕೊನೆಯ ಸುಮಾರು 6 ಕಿ.ಮೀ. ಲಾ ಪ್ಲಾಂಶ್ ಡೆ ಬೆಲ್ ಫೀ ಬೆಟ್ಟದ ಏರು. ಸ್ಲೊವೇನಿಯಾದ ತಾದೆ ಪೊಗಾಚಾರ್ ಬೆಟ್ಟದ ಬುಡದಲ್ಲಿ ಒಂಟಿ ಓಟದ ಸೈಕಲ್ ಬಿಟ್ಟು ಏರಿನ ಸೈಕಲ್ ಹತ್ತಿದ. ಹಳದಿ ಅಂಗಿ ತೊಟ್ಟಿದ್ದ ಪ್ರಿಮೋಜ್ ರೋಗ್ಲಿಚ್ ಕೂಡ ಬದಲಿಸಿದ. ಬೆಳಗ್ಗೆ 57 ಸೆಕೆಂಡ್ ಹಿಂದಿದ್ದ ಪೊಗಾಚಾರ್ ಸಂಜೆಗೆ 59 ಸೆಕೆಂಡ್ ಮುಂದಿದ್ದ, ಮರುದಿನ ಪ್ಯಾರಿಸ್‌ನಲ್ಲಿ ಟೂರ್ ಗೆದ್ದ. ಗೆಲ್ಲಿಸಿದ್ದು ಕಾಲು, ಅದರಲ್ಲಿ ಅನುಮಾನ ಇಲ್ಲ. ಆದರೆ ಜಗತ್ತಿನ ಅತಿ ಬಲಿಷ್ಠ ಕಾಲುಗಳಿಗೂ ಬಯಲಿಗೊಂದು, ಏರಿಗೊಂದು ಸೈಕಲ್ ಬೇಕೆನಿಸಿತು ಅನ್ನುವುದನ್ನು ಗಮನಿಸಬೇಕು.

ನಮ್ಮ ಹುಡುಗರಿಗೆ ಎರಡು ಸೈಕಲ್ ಎಲ್ಲಿಂದ ಬರಬೇಕು? ಎರಡು ಕ್ಯಾಸೆಟ್ ಇಟ್ಟುಕೊಳ್ಳಬಹುದು. ಹೊಸ ಗಾಲಿ, ಹಗುರ ಫ್ರೇಮಿಗೆ ಆಗುವ ಖರ್ಚಿನ ಮುಂದೆ ಕ್ಯಾಸೆಟ್ಟಿನ ಖರ್ಚು ಸಣ್ಣದು. ಕಳಚುವ ಸಾಧನ ಮತ್ತು ಪಾನಾ ಇದ್ದರೆ ಹತ್ತು ನಿಮಿಷದ ಕೆಲಸ. ಎರಡು ಎಚ್ಚರಿಕೆ ಇವೆ. ಹಿಂದಿನ ಡಿರೇಲರ್ ಎಷ್ಟು ಹಲ್ಲಿನವರೆಗೆ ತಡೆಯುತ್ತದೆ ಎಂಬುದಕ್ಕೆ ಮಿತಿ ಇದೆ. ಗಿಡ್ಡ ಕೇಜ್ ಇರುವ ಡಿರೇಲರಿಗೆ 32 ಹಲ್ಲಿನ ಕ್ಯಾಸೆಟ್ ಹಾಕಿದರೆ ಅದು ಚಕ್ರಕ್ಕೆ ಉಜ್ಜಬಹುದು. ಇನ್ನೊಂದು ಚೈನಿನ ಉದ್ದ. ಡಿರೇಲರ್ ಬಿಟ್ಟು, ಮುಂದಿನ ದೊಡ್ಡದಕ್ಕೂ ಹಿಂದಿನ ದೊಡ್ಡದಕ್ಕೂ ಚೈನು ಸುತ್ತಿ ಹಿಡಿದಾಗ ಎರಡೂ ತುದಿ ಕೂಡಿ ಮೇಲೆ ಎರಡು ಕೊಂಡಿ ಹೆಚ್ಚಿಗೆ ಉಳಿಯಬೇಕು. ಗಿಡ್ಡ ಚೈನಿನಲ್ಲಿ ದೊಡ್ಡ–ದೊಡ್ಡ ಗೇರ್ ಹಾಕಿದರೆ ಡಿರೇಲರ್ ಮುರಿದು ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ, ಸವಾರ ರಸ್ತೆಗೆ ಬೀಳುತ್ತಾನೆ. ಕಬ್ಬಿನ ಸೀಜನ್ನಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರ್ ಓಡಾಡುವ ರಸ್ತೆಯಲ್ಲಿ ಬೀಳುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆ ದಿನಗಳಲ್ಲಿ ರಸ್ತೆಯ ಮೇಲಿನ ಮಣ್ಣು, ರವದಿ ಚೈನಿಗೆ ಮೆತ್ತಿಕೊಳ್ಳುತ್ತದೆ. ಶರ್ಯತ್ತಿನ ಹಿಂದಿನ ರಾತ್ರಿ ಚೈನು ಒರೆಸಿ ಎಣ್ಣೆ ಬಿಡದವನಿಗೆ ಯಾವ ಗೇರ್ ಇದ್ದೂ ಉಪಯೋಗ ಇಲ್ಲ.

ಸಾದಾ ಸೈಕಲ್ಲಿನ ಶರ್ಯತ್ತಿಗೂ ಇದೇ ತರ್ಕ. ಅಲ್ಲಿ ಗೇರ್ ಒಂದೇ ಆದ್ದರಿಂದ ತೀರ್ಮಾನ ಇನ್ನೂ ಕಠಿಣ. ವೇಗ ಬರಲಿ ಎಂದು 18 ಹಲ್ಲಿನ ಫ್ರೀವ್ಹೀಲ್ ತೆಗೆದು 16 ಹಾಕಿಸುವವರಿದ್ದಾರೆ. ಒಂದು ಸುತ್ತಿಗೆ 6 ಮೀಟರ್ ಆಗುತ್ತದೆ. ಮೂಡಲಗಿ ಬಯಲಿನಲ್ಲಿ, ಗಾಳಿ ಇಲ್ಲದ ದಿನ, ಗಟ್ಟಿ ಹುಡುಗನಿಗೆ ಅದು ಸರಿ. ಅದೇ ಸೈಕಲ್ ತೆಗೆದುಕೊಂಡು ಫಾಲ್ಸ್ ಏರಿಗೆ ಹೋದರೆ 18ರವನೇ ಅವನನ್ನು ಹಿಂದೆ ಹಾಕುತ್ತಾನೆ. ಏರು ಇರುವ ದಾರಿಗೆ 18, ಬೇಕಾದರೆ 20 ಹಾಕಿ ಅನ್ನುತ್ತೇನೆ ನಾನು. ಇಳುಕಲಲ್ಲಿ ಕಾಲು ಖಾಲಿ ತಿರುಗಿದರೆ ತಿರುಗಲಿ. ಅಲ್ಲಿ ಕಳೆಯುವುದು ಸೆಕೆಂಡುಗಳ ಲೆಕ್ಕ, ಏರಿನಲ್ಲಿ ಕಳೆಯುವುದು ನಿಮಿಷಗಳ ಲೆಕ್ಕ.

ಹದಿನೈದು–ಹದಿನಾರರ ಮಕ್ಕಳ ಬಗ್ಗೆ ವಿಶೇಷ ಕಾಳಜಿ ಬೇಕು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಕಿರಿಯರ ರಸ್ತೆ ರೇಸುಗಳಲ್ಲಿ ಒಂದು ಸುತ್ತಿಗೆ 7.93 ಮೀಟರಿಗಿಂತ ದೊಡ್ಡ ಗೇರ್ ಇರಬಾರದು ಎಂದು ಬಹುಕಾಲ ನಿಯಮ ಇಟ್ಟಿತ್ತು. ಅಂದರೆ ಹೆಚ್ಚೆಂದರೆ 52–14. 2023ರ ಜನವರಿಯಿಂದ ಆ ನಿಯಮ ತೆಗೆದಿದ್ದಾರೆ. ನಿಯಮ ಹೋದರೂ ಅದರ ಹಿಂದಿದ್ದ ವಿಚಾರ ಒಳ್ಳೆಯದೇ ಎಂದು ನನ್ನ ನಂಬಿಕೆ. ಬೆಳೆಯುವ ಮೊಣಕಾಲಿಗೆ ಭಾರದ ಗೇರ್ ಬೇಡ, ಮೊದಲು ಲಯ ಕಲಿಯಲಿ ಅನ್ನುವುದೇ ಆ ವಿಚಾರ. ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆ ಇದೆ, ವಿಜಯಪುರದಲ್ಲಿ ಸೈಕ್ಲಿಂಗ್ ಕ್ರೀಡಾ ನಿಲಯ ಇದೆ. ಉತ್ತರ ಕರ್ನಾಟಕದಿಂದ ರಾಷ್ಟ್ರಮಟ್ಟಕ್ಕೆ ಹೋದ ಸವಾರರಲ್ಲಿ ಬಹಳ ಮಂದಿ ಇಂಥ ಕಡೆ ಕಲಿತವರು. ಅಲ್ಲಿಗೆ ಸೇರುವ ಮೊದಲೇ ಹಳ್ಳಿಯ ಶರ್ಯತ್ತುಗಳಲ್ಲಿ ಭಾರದ ಗೇರ್ ತುಳಿದು ಮೊಣಕಾಲು ಕೆಡಿಸಿಕೊಂಡ ಮಗುವನ್ನು ಯಾವ ತರಬೇತುದಾರ ಏನು ಮಾಡಲಾದೀತು? ಮನೆಯವರು, ಶಾಲೆಯ ದೈಹಿಕ ಶಿಕ್ಷಕರು ಇದನ್ನು ಗಮನಿಸಲೇಬೇಕು. ನಿಮಿಷಕ್ಕೆ 90 ಸುತ್ತು ಕೂತು ತುಳಿಯಲು ಬಾರದ ಹುಡುಗನಿಗಾಗಲಿ ಹುಡುಗಿಗಾಗಲಿ 53ರ ಚೈನ್‌ವ್ಹೀಲ್ ಕೊಡಿಸಬಾರದು.

ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಕರಪತ್ರ ಅಚ್ಚು ಹಾಕಿಸುವಾಗ ಬಹುಮಾನದ ಕೆಳಗೆ ಇನ್ನೆರಡು ಸಾಲು ಸೇರಿಸಿ: ದಾರಿಯಲ್ಲಿ ದೊಡ್ಡ ಏರು ಎಷ್ಟನೇ ಕಿ.ಮೀ.ಗೆ ಬರುತ್ತದೆ, ಅದು ಎಷ್ಟು ಉದ್ದ. ಗೇರ್ ಸೈಕಲ್ಲಿಗೂ ಸಾದಾ ಸೈಕಲ್ಲಿಗೂ ಒಂದೇ ಬಹುಮಾನ ಇಡಬೇಡಿ, ಎರಡು ಬೇರೆ ಬೇರೆ ಶರ್ಯತ್ತು ಮಾಡಿ. ಹದಿನಾರರ ಒಳಗಿನವರಿಗೆ ಮೂರನೆಯದೊಂದು ಇಡಿ. ಶರ್ಯತ್ತಿಗೆ ಹದಿನೈದು ದಿನ ಮೊದಲೇ ದಾರಿಯನ್ನು ಗೊತ್ತು ಮಾಡಿದರೆ ಹುಡುಗರು ಒಮ್ಮೆ ಅದರ ಮೇಲೆ ಹೋಗಿ ಬಂದು ತಮ್ಮ ಗೇರ್ ತಾವೇ ಆರಿಸಿಕೊಳ್ಳುತ್ತಾರೆ.